ಮೇಷ್ಟ್ರ ಹೊಟ್ಟೆ, ಮೇಲಿನ ಮನೆಯ ಹೆಪ್ಪು

ನಮ್ಮ ಮನೆ ಮಾಲೀಕರ ಹೊಟ್ಟೆಯಲ್ಲಿ ಇರಬೇಕಾದ ಕೋಟಿಗಟ್ಟಲೆ ಕ್ರಿಮಿಗಳು ನಮ್ಮ ಫ್ರಿಜ್ಜಿನಲ್ಲಿ, ಭಾನುವಾರ ಉಳಿದ ಮಟನ್ ಸಾರಿನ ಪಕ್ಕದಲ್ಲಿ, ಸುಖವಾಗಿದ್ದವು. ಆ ಮನೆಯಲ್ಲಿರುವುದಕ್ಕೆ ನಾವು ತಿಂಗಳು ತಿಂಗಳು ಬಾಡಿಗೆ ಕೊಡುತ್ತಿದ್ದೆವು. ಅವು ಪುಕ್ಕಟೆ ಇದ್ದವು.

ಮಾಲೀಕರ ಹೆಸರು ಗುರುಮೂರ್ತಿ. ಹೈಸ್ಕೂಲಿನ ಹೆಡ್‌ಮಾಸ್ಟರ್ ಆಗಿ ನಿವೃತ್ತರಾದವರು, ಕೊಟ್ಟೂರಿಗೆಲ್ಲ ಮೇಷ್ಟ್ರು. ಕೆಳಗಿನ ಮನೆಯಲ್ಲಿ ಅವರು ಮತ್ತು ಅವರ ಹೆಂಡತಿ ವಾಣಿಶ್ರೀ. ಮೇಲಿನ ಮನೆಯಲ್ಲಿ ನಾನು, ನನ್ನ ಗಂಡ ಕ್ರಾಂತಿಕುಮಾರ್, ಅತ್ತೆ ಪಕ್ಕೀರಮ್ಮ. ಗಂಡನಿಗೆ ಹಗರಿಬೊಮ್ಮನಹಳ್ಳಿಯಲ್ಲಿ ಸರ್ಕಾರಿ ಗುಮಾಸ್ತಿಕೆ, ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೇ ಬರುವುದು. ನಾನು ಬಸ್ ಸ್ಟ್ಯಾಂಡಿನ ಹತ್ತಿರದ ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟ್. ಹೀಗಾಗಿ ಮೇಷ್ಟ್ರ ಹೊಟ್ಟೆಯ ಕತೆ ಮನೆಯಲ್ಲೂ ನನ್ನ ಕೊರಳಿಗೆ, ಅಂಗಡಿಯಲ್ಲೂ ನನ್ನ ಕೊರಳಿಗೆ.

ಆ ಹೊಟ್ಟೆ ಮೊದಲಿಂದಲೂ ಬಡಾಯಿಯ ಹೊಟ್ಟೆ. ಸಂಜೆಯಾದರೆ ಮಂಡಕ್ಕಿ, ಮಿರ್ಚಿ. ಮಿರ್ಚಿ ತಿಂದಮೇಲೆ ಇನ್ನೆರಡು ಮಿರ್ಚಿ. ಟೈಫಾಯ್ಡ್ ಬಂದು ದೊಡ್ಡ ದೊಡ್ಡ ಮಾತ್ರೆ ನುಂಗಿದ ಮೇಲೆ ಅದು ಪೂರ್ತಿ ಕೈಕೊಟ್ಟಿತು. ಬೆಳಗಿನ ಜಾವ ಹಿತ್ತಲ ಬಾಗಿಲು ಎಷ್ಟು ಸಲ ಬಡಿಯಿತು ಎನ್ನುವುದರ ಮೇಲೆ ಓಣಿಯವರು ಮೇಷ್ಟ್ರ ಆರೋಗ್ಯ ತಿಳಿದುಕೊಳ್ಳುತ್ತಿದ್ದರು. ಕೊನೆಗೆ ದಾವಣಗೆರೆಯ ಡಾಕ್ಟರೊಬ್ಬರು, ನಿಮ್ಮ ಕರುಳಿನಲ್ಲಿ ಒಳ್ಳೆ ಕ್ರಿಮಿಗಳೆಲ್ಲ ಸತ್ತಿವೆ, ಹೊಸದಾಗಿ ಬಿಡಬೇಕು ಅಂತ ದಿನಕ್ಕೊಂದು ಕ್ಯಾಪ್ಸೂಲ್ ಬರೆದುಕೊಟ್ಟರು. ಜೀವಂತ ಕ್ರಿಮಿ, ತಂಪಿನಲ್ಲೇ ಇಡಬೇಕು.

ಕೆಳಗಿನ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಫ್ರಿಜ್ ಅಂದರೆ ತಂಗಳ ಪೆಟ್ಟಿಗೆ ಅಂತ ಮೇಷ್ಟ್ರು ಊರೆಲ್ಲ ಭಾಷಣ ಮಾಡಿಕೊಂಡು ಬಂದಿದ್ದರು. ಈಗ ತರುವುದಕ್ಕೆ ನಾಲಿಗೆ ಅಡ್ಡ. ಅದಕ್ಕೇ ಆ ಡಬ್ಬಿ ನಮ್ಮ ಮನೆಗೆ ಬಂತು.

ದಿನಾ ಬೆಳಿಗ್ಗೆ ಸ್ನಾನ, ವಿಭೂತಿ, ಪೂಜೆ ಮುಗಿಸಿ ಮೇಷ್ಟ್ರು ಮೆಟ್ಟಿಲು ಹತ್ತಿ ಬರುತ್ತಿದ್ದರು. ಕೊನೆಯ ಮೆಟ್ಟಿಲಿಗೆ ನಿಂತುಬಿಡುತ್ತಿದ್ದರು, ಹೊಸ್ತಿಲ ಕಡೆ ಒಂದು ಹೆಜ್ಜೆಯೂ ಇಲ್ಲ. ಅಂಗೈ ಚಾಚಿದರೆ ನಾನು ಪಟ್ಟಿ ಒತ್ತಿ ಮಾತ್ರೆ ಬೀಳಿಸಬೇಕು.

"ಔಷಧಕ್ಕ ಮೈಲಿಗಿ ಇಲ್ಲಮ್ಮ," ಅನ್ನುತ್ತಿದ್ದರು ಪ್ರತಿದಿನ, ನಾನೇನೋ ಕೇಳಿದೆ ಅನ್ನುವ ಹಾಗೆ.

ನಾವು ಯಾರು ಅಂತ ಅವರಿಗೆ ಗೊತ್ತಾದದ್ದು ಮನೆಗೆ ಬಂದು ತಿಂಗಳಾದ ಮೇಲೆ. ಬಾಡಿಗೆ ಮಾತಾಡುವಾಗ "ಯಾವ ಮಠಕ್ಕ ನಡಕೋತೀರಿ?" ಅಂತ ಕೇಳಿದ್ದರು. ನನ್ನ ಗಂಡ "ಬುದ್ಧನಿಗೆ ರೀ" ಅಂದಿದ್ದ. ಮೇಷ್ಟ್ರು ಅದನ್ನು ಓದಿಕೊಂಡ ಹುಡುಗರ ಫ್ಯಾಷನ್ ಅಂದುಕೊಂಡರು. ಆಮೇಲೆ ಒಂದು ದಿನ ಮೀಟರ್ ನೋಡಲು ಬಂದು, ಒಳಗೆ ಬುದ್ಧನ ಪಕ್ಕ ಬಾಬಾಸಾಹೇಬರ ಫೋಟೋ ಕಂಡು, ಮೀಟರ್ ನೋಡದೇ ಇಳಿದುಹೋದರು. ಮನೆ ಬಿಡಿ ಅಂತ ಹೇಳಲಿಲ್ಲ. "ಕಾಲ ಬದಲಾಗೈತಿ" ಅಂತ ಹೇಳಿಕೊಂಡು ತಿರುಗುವವರಿಗೆ ಹಾಗೆ ಹೇಳಲು ಬರುವುದಿಲ್ಲ. ಹಬ್ಬಕ್ಕೆ ಕೆಳಗಿಂದ ಹೋಳಿಗೆ ಮೇಲೆ ಬರುತ್ತಿತ್ತು. ಒಂದು ಸಲ ನಮ್ಮತ್ತೆ ಮೇಲಿಂದ ಹೋಳಿಗೆ ಕೆಳಗೆ ಕಳಿಸಿದಳು. ಮರುದಿನ ಹಿತ್ತಲಲ್ಲಿ ಎಮ್ಮೆ ಅದನ್ನು ತಿನ್ನುತ್ತಿದ್ದದ್ದು ಕಂಡಿತು. ಎಮ್ಮೆ ಪುಣ್ಯವಂತೆ, ಯಾವ ಮಠ ಅಂತ ಕೇಳಲಿಲ್ಲ.

ಒಂದು ದಿನ ಮೇಷ್ಟ್ರು ಕ್ಯಾಪ್ಸೂಲ್ ಡಬ್ಬಿಯ ಚೀಟಿಯನ್ನು ಓದಿ ಹೇಳು ಅಂದರು. ಓದಿದೆ.

"ಇದರಾಗಿನ ಕ್ರಿಮೀನ ಮೊದಲು ಒಬ್ಬ ಆರೋಗ್ಯವಂತ ಮನುಷ್ಯನ ಕರುಳಿಂದ ತಗದಾರಂತ್ರಿ, ಸರ್."

ಮೇಷ್ಟ್ರ ಕೈ ಅರ್ಧಕ್ಕೆ ನಿಂತಿತು. "ಕರುಳಿಂದನಾ? ಯಾವ ಮಂದಿ?"

"ಅದು ಬರದಿಲ್ರಿ. ಫಾರಿನ್ನಿನ್ಯಾಗ ತಗದಾರಂತ."

ಮಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಫಾರಿನ್ ಅಂದ್ರ ಪರವಾಗಿಲ್ಲ," ಅಂತ ಬಾಯಿಗೆ ಹಾಕಿಕೊಂಡರು.

ಒಳಗೆ ರೊಟ್ಟಿ ಬಡಿಯುತ್ತಿದ್ದ ಅತ್ತೆ ನಗು ತಡೆಯಲಾರದೆ ಕೆಮ್ಮಿದಳು. "ಕೋಮ್ಲಿ, ಯಾವನೋ ಫಾರಿನ್ನಿನೋನು ಹೇಲೋ ಜಾಗದಾಗ ಇದ್ದಿದ್ದು ಇವರ ಹೊಟ್ಟಿಗೆ ಆಕ್ಕೈತಿ. ನನ್ನ ಕೈಯಾನ ಹೋಳಿಗಿ ಎಮ್ಮಿಗೆ ಆಕ್ಕೈತಿ. ಭಾಳ ಛಲೋ ಐತಿ ಬಿಡು ಇವರ ಲೆಕ್ಕ."

ನಮ್ಮತ್ತೆಯ ಬಾಯಿ ಅಂಥದು. ಚಿಗಟೇರಿಯಲ್ಲಿ ಕೂಲಿ ಮಾಡಿ ಮಗನನ್ನು ಓದಿಸಿದವಳು, ಬಾಯಿಗೆ ಬಾಗಿಲು ಹಾಕಿಕೊಳ್ಳುವುದು ಕಲಿತವಳಲ್ಲ. ಆದರೆ ಅವಳಿಗೆ ಒಂದು ಆಸೆಯಿತ್ತು. ಅದನ್ನು ಅವಳು ಬೈಗುಳದಲ್ಲಿ ಸುತ್ತಿ ಇಟ್ಟಿದ್ದಳು, ನನಗೆ ಮಾತ್ರ ಗೊತ್ತಿತ್ತು. ಓಣಿಯ ಯಾರಾದರೂ ಒಬ್ಬರು, ಒಂದೇ ಒಂದು ಸಲ, ಪಾತ್ರೆ ಹಿಡಿದು ಬಂದು ಅವಳ ಹತ್ತಿರ ಹೆಪ್ಪು ಕೇಳಬೇಕು.

ಹೊರಗಿನವರಿಗೆ ಇದೇನು ದೊಡ್ಡದು ಅನ್ನಿಸಬಹುದು. ನಮ್ಮ ಓಣಿಯಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಮೊಸರು ಖಾಲಿಯಾಗಿ ಹೆಪ್ಪಿಗೂ ಉಳಿಯದಿದ್ದರೆ, ಬೆಕ್ಕು ಬಾಯಿ ಹಾಕಿದರೆ, ಊರಿಗೆ ಹೋಗಿ ಬಂದರೆ, ಪಕ್ಕದ ಮನೆಗೆ ಹೋಗಿ "ಹೆಪ್ಪು ಐತೇನ್ರಿ" ಅನ್ನಬೇಕು. ಜಗಳವಾಡಿ ಮಾತು ಬಿಟ್ಟವರೂ ಹೆಪ್ಪಿಗೆ ಮಾತ್ರ ಮಾತಾಡುತ್ತಾರೆ. ಯಾರ ಮನೆಗೆ ಹೆಪ್ಪು ಕೇಳಲು ಯಾರೂ ಬರುವುದಿಲ್ಲವೋ ಆ ಮನೆ ಓಣಿಯಲ್ಲಿದ್ದರೂ ಓಣಿಯದಲ್ಲ. ನಮ್ಮ ಮನೆಗೆ ಯಾರೂ ಬಂದಿರಲಿಲ್ಲ.

ಓಣಿಯ ಹೆಪ್ಪೆಲ್ಲ ಒಂದೇ ವಂಶ. ಮೇಷ್ಟ್ರ ಅಜ್ಜಿ ನೀಲಗುಂದದಿಂದ ಮದುವೆಯಾಗಿ ಬರುವಾಗ ತವರಿನ ಹೆಪ್ಪು ತಂದಿದ್ದಳಂತೆ. ಅದರ ಮಕ್ಕಳು ಮರಿ ಎಲ್ಲರ ಮನೆಯ ಗಡಿಗೆಯಲ್ಲಿ. ನಾವು ಹಾಲು ಉಕ್ಕಿಸಿದ ದಿನ ವಾಣಿಯಕ್ಕ ನಮಗೂ ಒಂದು ಚಮಚ ಕೊಟ್ಟಿದ್ದರು. ಅದು ಮೇಷ್ಟ್ರು ಫೋಟೋ ನೋಡುವುದಕ್ಕಿಂತ ಮುಂಚಿನ ಮಾತು. ಅತ್ತೆ ಅದನ್ನು ಒಂದು ದಿನವೂ ತಪ್ಪಿಸದೆ ಬೆಳೆಸಿಕೊಂಡು ಬಂದಿದ್ದಳು. ಅವಳ ಮೊಸರು ಚಾಕುವಿನಲ್ಲಿ ಕೊಯ್ಯುವಷ್ಟು ಗಟ್ಟಿ. ಗಡಿಗೆ ಮುಚ್ಚುವಾಗ ದಿನಾ ಒಂದು ಮಾತು: "ಇಷ್ಟು ಛಲೋ ಬಂದೈತಿ, ಕೇಳಾಕ ಯಾವಳೂ ಗತಿಯಿಲ್ಲ."

ಹೀಗಿರುವಾಗ ಮೇಷ್ಟ್ರಿಗೆ ಜ್ಞಾನೋದಯವಾಯಿತು. ಕ್ಯಾಪ್ಸೂಲಿನಲ್ಲಿ ಯಾವ ಕ್ರಿಮಿ, ಎಷ್ಟು ಕೋಟಿ ಅಂತ ಅಚ್ಚು ಹಾಕಿದ್ದಾರೆ. ಮನೆಯ ಮೊಸರಿನಲ್ಲಿ?

"ಮನಿ ಮೊಸರಿನ್ಯಾಗ ಎಂಥೆಂಥ ಕ್ರಿಮಿ ಸೇರ್ಕಂಡಾವೋ, ಹಾಜರಿ ತಗಂಡೋರು ಯಾರು?" ಅಂತ ಕಟ್ಟೆಯ ಮೇಲೆ ಕೂತು ಘೋಷಿಸಿದರು. ಅವತ್ತಿಂದ ಕೆಳಗಿನ ಮನೆಯಲ್ಲಿ ಮೊಸರು ಬಂದ್. ವಾಣಿಯಕ್ಕ ಅಜ್ಜಿಯ ಕಾಲದ ಮೊಸರ ಗಡಿಗೆ ತೊಳೆದು ಬೋರಲು ಹಾಕಿದರು. ಮೇಷ್ಟ್ರೇ ಹೇಳಿದ ಮೇಲೆ ಕೇಳಬೇಕೇ, ಓಣಿಯವರೂ ಒಬ್ಬೊಬ್ಬರಾಗಿ ಪ್ಯಾಕೆಟ್ ಮೊಸರಿಗೆ ಇಳಿದರು. ನಲ್ಲಿಯ ಹತ್ತಿರ ಎದುರು ಮನೆಯ ಅಂಜಿನಕ್ಕ "ನಮ್ಮದು ಕಂಪನಿ ಮೊಸರವ್ವ" ಅಂತ ಸೆರಗು ಕೊಡವಿಕೊಂಡು ಹೇಳುವ ಮಟ್ಟಕ್ಕೆ ಬಂತು. ಬೇಸಿಗೆ ಮುಗಿಯುವುದರೊಳಗೆ ನೀಲಗುಂದದ ಅಜ್ಜಿಯ ಹೆಪ್ಪು ಇಡೀ ಓಣಿಯಲ್ಲಿ ಉಳಿದದ್ದು ನಮ್ಮ ಮನೆಯಲ್ಲೊಂದೇ.

ಕ್ಯಾಪ್ಸೂಲಿನಿಂದ ಹೊಟ್ಟೆ ಸರಿಹೋಯಿತೇ? ಮೇಷ್ಟ್ರು ಹೋಯಿತು ಅನ್ನುತ್ತಿದ್ದರು. ಹಿತ್ತಲ ಬಾಗಿಲು ಅಷ್ಟು ಖಚಿತವಾಗಿ ಹೇಳುತ್ತಿರಲಿಲ್ಲ. ಮಿರ್ಚಿ ಮಾತ್ರ ನಿಂತಿರಲಿಲ್ಲ. ಅಷ್ಟರಲ್ಲಿ ದಾವಣಗೆರೆಯಿಂದ ಸ್ಟಾಕ್ ಬರುವುದೇ ನಿಂತುಹೋಯಿತು. ಮುಂದಿನ ತಿಂಗಳು ಬರುತ್ತದೆ ಅಂದರು. ಕ್ಯಾಪ್ಸೂಲ್ ಖಾಲಿಯಾಗಿದೆ ಅಂತ ನಾನು ಅತ್ತೆಗೆ ಹೇಳಿ, ನೀನೇ ಮೇಷ್ಟ್ರಿಗೆ ತಿಳಿಸು ಅಂದು, ಬೆಳಗಿನ ಪಾಳಿಗೆ ಅಂಗಡಿಗೆ ಹೋದೆ. ಆ ವಾರಗಳೆಲ್ಲ ನನಗೆ ಬೆಳಗಿನ ಪಾಳಿಯೇ. ಮೇಷ್ಟ್ರ ಸುದ್ದಿಯೇ ಇರಲಿಲ್ಲ. ಹಿತ್ತಲ ಬಾಗಿಲು ತೆಪ್ಪಗಿತ್ತು.

ಆಮೇಲೊಂದು ದಿನ ಅಂಗಡಿ ತುಂಬ ಗಿರಾಕಿಗಳಿದ್ದಾಗ ಮೇಷ್ಟ್ರು ಬಂದರು. ಮುಖದಲ್ಲಿ ಹಿಂದೆಂದೂ ಕಾಣದ ಕಳೆ.

"ಕೋಮಲಾ, ಆ ಹೊಸ ಔಷಧೀನ ಅನ್ನದಾಗ ಕಲಸ್ಕಂಡು ತಗೋಬೋದೇನಮ್ಮ?"

"ಯಾವ ಹೊಸ ಔಷಧೀರಿ?"

"ನಿಮ್ಮತ್ತಿ ಕೊಡ್ತಾರಲ್ಲ, ಕಂದು ಬಾಟ್ಲೀದು. ಮೊದಲು ಒಂದು ಮುಚ್ಚಳ ಕೊಡ್ತಿದ್ರು, ಈಗ ಅರ್ಧ ಲೋಟ ಮಾಡ್ಯಾರ. ಉಪ್ಪು ಹಾಕಿದ್ರ ಅಡ್ಡಿಲ್ಲ ಅಲ್ಲ?"

ಹೇಗೋ ಪಾಳಿ ಮುಗಿಸಿ ಮನೆಗೆ ಓಡಿದೆ. ಅಡುಗೆಮನೆಯ ಕಿಟಕಿಯಲ್ಲಿ, ಗಂಡನ ಕೆಮ್ಮಿಗೆ ನಾನೇ ತಂದಿದ್ದ ಸಿರಪ್ಪಿನ ಖಾಲಿ ಬಾಟ್ಲಿ ತೊಳೆದು ನಿಲ್ಲಿಸಿತ್ತು. ಒಳಗೆ ತಿಳಿಹಸಿರು ನೀರು. ಮೂಸಿದೆ. ನಮ್ಮ ಮೊಸರಿನ ತಿಳಿ.

"ಅತ್ತೀ, ಏನಿದು? ನನ್ನ ಲೈಸೆನ್ಸ್ ಹೋಗ್ತೈತಿ!"

"ಯಾಕ ಹೋಗ್ತೈತಿ? ಔಷಧಿ ಅಂತ ನಾನು ಬರದು ಅಂಟಿಸೀನೇನು? ಮಾತ್ರಿ ಇಲ್ರಿ ಅಂದೆ. ಮನುಷ್ಯ ಕೈ ಚಾಚ್ಕಂಡು ಅಲ್ಲೇ ನಿಂತ, ಹೊಟ್ಟಿ ಹಿಡ್ಕಂಡು. ಮುಖ ನೋಡಿದ್ರ ಅಯ್ಯೋ ಅನಿಸ್ತು. ಇದು ಐತಿ ಅಂತ ಹಾಕಿದೆ."

"ಮೊಸರು ಅಂತ ಹೇಳ್ಬೇಕಿತ್ತಲ್ಲ!"

"ಮೊಸರು ಅಂದಿದ್ರ ಕುಡೀತಿದ್ನೇನು?" ಅಂದಳು. ಆಮೇಲೆ ಸ್ವರ ಇಳಿಸಿ, "ನಾ ಹಾಕಿದ್ದನ್ನ ಒಬ್ಬರು ಕುಡಿಯೋದು ನೋಡಬೇಕಿತ್ತವ್ವ ನನಗ," ಅಂದಳು.

ನನ್ನ ಸಿಟ್ಟು ಅಲ್ಲೇ ಕರಗಿತು. ಆದರೆ ಸುಳ್ಳು ಸುಳ್ಳೇ. ಔಷಧ ಮಾರುವವಳು ನಾನು, ಏನು ಕುಡಿಯುತ್ತಿದ್ದೇನೆ ಅನ್ನುವುದು ಕುಡಿಯುವವನಿಗೆ ಗೊತ್ತಿರಬೇಕು. ಮರುದಿನ ಬೆಳಿಗ್ಗೆ ಪಾಳಿ ಬದಲಿಸಿಕೊಂಡು ಮನೆಯಲ್ಲೇ ಉಳಿದೆ. ಮೇಷ್ಟ್ರು ಬಂದು ಕೊನೆಯ ಮೆಟ್ಟಿಲಿಗೆ ನಿಂತರು. ಕೈಯಲ್ಲಿ ಈಗ ಸ್ವಂತ ಲೋಟ. ಅತ್ತೆ ಬಂದು ಬಾಟ್ಲಿಯಿಂದ ಅದಕ್ಕೆ ಸುರಿದಳು. ಅವರು ಎತ್ತುವ ಮುಂಚೆ ನಾನು ಹೇಳಿಬಿಟ್ಟೆ.

"ಸರ್, ಅದು ಔಷಧಿ ಅಲ್ರಿ. ನಮ್ಮನಿ ಮೊಸರಿನ ತಿಳಿ. ಮೊದಲೇ ಹೇಳಬೇಕಿತ್ತು, ತಪ್ಪಾತು."

ಮೇಷ್ಟ್ರು ಲೋಟ ಇಳಿಸಲಿಲ್ಲ. ಕೆಳಗೆ ನಲ್ಲಿಯ ಕಡೆ ಒಮ್ಮೆ ನೋಡಿದರು.

"ಮೆಲ್ಲಕ ಮಾತಾಡಮ್ಮ. ನನಗ ಗೊತ್ತೈತಿ."

"ಏನು ಗೊತ್ತೈತ್ರಿ?"

"ಮೊದಲನೇ ಗುಟುಕಿಗೇ ಗೊತ್ತಾತು. ನಮ್ಮಜ್ಜಿ ಮೊಸರು ತಿಂದು ಬೆಳದಾವ ನಾನು. ನನ್ನ ಮನ್ಯಾಗ ನಾನೇ ಹಾಳು ಮಾಡಿದೆ. ನಿಮ್ಮ ಮನ್ಯಾಗ ಉಳದೈತಿ. ನಾಲಿಗಿಗೆ ಗೊತ್ತಾಗಂಗಿಲ್ಲೇನು?"

ಕಣ್ಣು ತುಂಬಿತ್ತು, ನಿಜವಾಗಿಯೂ. ನನಗೆ ಆ ಮನುಷ್ಯನ ಮೇಲೆ ಪ್ರೀತಿಯೇ ಬಂದುಬಿಡುವುದರಲ್ಲಿತ್ತು. ಅಷ್ಟರಲ್ಲಿ ಅವರು ಮುಂದಿನ ಮಾತು ಹೇಳಿದರು.

"ಹಂಗೇ ಬಾಟ್ಲ್ಯಾಗ ಹಾಕಿ ಕೊಡ್ರಿ. ಔಷಧಿ ಅಂತಾನೇ ಇರ್ಲಿ. ಮೊಸರು ಅಂದ್ರ ಓಣ್ಯಾಗ ನಾಕು ಮಂದಿ ನಾಕು ಮಾತಾಡ್ತಾರ. ಔಷಧಿ ಅಂದ್ರ ಕೇಳೋರಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಗೊತ್ತಿಲ್ಲದೆ ಕುಡಿದಿದ್ದರೆ ಕ್ಷಮೆ ಕೇಳುತ್ತಿದ್ದೆ. ಗೊತ್ತಾಗಿ ಚೆಲ್ಲಿದ್ದರೆ ಜಗಳ ಆಡುತ್ತಿದ್ದೆ. ಈ ಮನುಷ್ಯನಿಗೆ ಗೊತ್ತು, ಬೇಕು, ರುಚಿಯಾಗಿದೆ, ಉಪ್ಪು ಹಾಕಿ ಅನ್ನಕ್ಕೂ ಬೇಕು. ಅವರ ಮಾನ ಉಳಿಸುವುದಕ್ಕೆ ನಾವು ಬಾಟ್ಲಿಯೊಳಗೆ ಅಡಗಿ ಕೂರಬೇಕು.

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅವರ ಕೈಯಿಂದ ಲೋಟ ತೆಗೆದುಕೊಂಡಳು. ಎದುರಿಗೇ ನಿಂತು ಗಟಗಟ ಅಂತ ಪೂರ್ತಿ ತಾನೇ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಖಾಲಿ ಲೋಟ ಅವರ ಕೈಗೆ ಇಟ್ಟಳು.

"ಔಷಧಿ ಮುಗೀತ್ರಿ ಮೇಷ್ಟ್ರ. ನಮ್ಮ ಕಂಪನಿ ಬಾಗ್ಲು ಹಾಕೈತಿ. ಹೆಪ್ಪು ಐತಿ. ಬೇಕಂದ್ರ ಪಾತ್ರಿ ತಗಂಡು ಬರ್ರಿ, ಹೆಪ್ಪು ಕೊಡು ಅಂತ ಬಾಯಿಬಿಟ್ಟು ಕೇಳ್ರಿ. ನಿಮ್ಮಜ್ಜೀದು, ಇಲ್ಲ ಅನ್ನಂಗಿಲ್ಲ ನಾನು."

ಮೇಷ್ಟ್ರು ಮೆಟ್ಟಿಲಿಳಿದು ಹೋದರು. ನಾವೇ ಅವರಿಗೆ ಏನೋ ಅನ್ಯಾಯ ಮಾಡಿದ ಹಾಗಿತ್ತು ಅವರ ನಡಿಗೆ.

ಸಂಜೆ ನನ್ನ ಗಂಡನಿಗೆ ಎಲ್ಲ ಹೇಳಿದೆವು. ಅವನು ಶೂ ಬಿಚ್ಚುತ್ತಾ ಕೇಳಿಸಿಕೊಂಡ. "ಬ್ಯಾರೆ ಮನಿ ಹುಡುಕಾಕ ಶುರು ಮಾಡ್ಲೇನು?" ಅಂದ. ಈ ಊರಲ್ಲಿ ಮನೆ ಹುಡುಕುವುದು ಅಂದರೆ ಏನು ಅಂತ ಮೂವರಿಗೂ ಗೊತ್ತಿತ್ತು. ಹೆಸರು ಕೇಳುತ್ತಾರೆ, ಊರು ಕೇಳುತ್ತಾರೆ, ಊರಲ್ಲಿ ಯಾವ ಓಣಿ ಅಂತ ಕೇಳುತ್ತಾರೆ, ಆಮೇಲೆ ನಮ್ಮ ತಮ್ಮನ ಮಗ ಬರ್ತಾನೆ ಮನೆ ಖಾಲಿಯಿಲ್ಲ ಅನ್ನುತ್ತಾರೆ. ಕೊಟ್ಟೂರಿನ ಮನೆ ಮಾಲೀಕರಿಗೆಲ್ಲ ಅದೆಷ್ಟು ತಮ್ಮಂದಿರೋ. ಅತ್ತೆ ಹೆದರಿದ್ದನ್ನು ನಾನು ನೋಡಿದ್ದು ಅವತ್ತೇ. "ಬಾಯಿ ಮುಚ್ಕಂಡು ಬಾಟ್ಲೀ ತುಂಬಬೇಕಿತ್ತೇನವ್ವ?" ಅಂತ ನನ್ನನ್ನು ಕೇಳಿದಳು. ಬೇಡ, ನೀನು ಮಾಡಿದ್ದೇ ಸರಿ ಅಂದೆ. ನನಗೂ ಹೆದರಿಕೆ ಇತ್ತು.

ಎರಡು ದಿನ ಕೆಳಗಿಂದ ಮಾತಿಲ್ಲ. ಹಿತ್ತಲ ಬಾಗಿಲು ಮಾತ್ರ ಮತ್ತೆ ಕೆಲಸ ಶುರು ಮಾಡಿತ್ತು.

ಆಮೇಲೆ ನೀರು ಬಿಟ್ಟ ದಿನ. ಬೆಳಿಗ್ಗೆ ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ನಲ್ಲಿಯ ಹತ್ತಿರ ಸೇರಿದ್ದರು. ಅಂಜಿನಕ್ಕನ ಪಾಳಿ. ಕೆಳಗಿನ ಮನೆಯ ಮುಂಬಾಗಿಲು ತೆರೆಯಿತು. ವಾಣಿಯಕ್ಕ ಕೈಯಲ್ಲಿ ಒಂದು ಸ್ಟೀಲ್ ಪಾತ್ರೆ ಹಿಡಿದು ಹೊರಗೆ ಬಂದರು. ಮೆಟ್ಟಿಲ ಬುಡಕ್ಕೆ ನಿಂತು ತಲೆಯೆತ್ತಿದರು.

"ಪಕ್ಕೀರಕ್ಕಾ! ಹೆಪ್ಪು ಐತೇನ್ರಿ? ನಮ್ಮದು ಹೋಗೇತಿ!"

ಅಂಜಿನಕ್ಕನ ಕೊಡ ತುಂಬಿ ಹರಿಯತೊಡಗಿತು, ಅವಳಿಗೆ ಎಚ್ಚರವಿಲ್ಲ. ಒಳಗಿಂದ ಮೇಷ್ಟ್ರ ಸ್ವರ ಕೇಳಿತು, ಗುಟ್ಟಾಗಿ ಕೂಗುವ ಪ್ರಯತ್ನದಲ್ಲಿ.

"ವಾಣೀ, ಔಷಧಿ ಅನ್ನು, ಔಷಧಿ!"

"ಔಷಧಿ ನಿಮ್ಮ ಹೊಟ್ಟಿಗಿರ್ಲಿ," ಅಂದರು ವಾಣಿಯಕ್ಕ, ತಿರುಗಿಯೂ ನೋಡದೆ. "ನನ್ನ ಒಲಿಮ್ಯಾಲ ಹಾಲು ಐತಿ, ಅದಕ್ಕ ಹೆಪ್ಪು ಬೇಕು. ನಿಮ್ಮ ಮಾತು ಕೇಳಿ ಅಜ್ಜಿ ಕಾಲದ ಗಡಿಗಿ ಬೋರಲು ಹಾಕಿದ್ದು ಸಾಕು ನನಗ."

ಅಷ್ಟು ಹೇಳಿ ಸೀದಾ ಮೆಟ್ಟಿಲು ಹತ್ತಿ, ಕೊನೆಯ ಮೆಟ್ಟಿಲು ದಾಟಿ, ನಮ್ಮ ಹೊಸ್ತಿಲ ಒಳಗೆ ಬಂದು ನಿಂತರು.

ಎಲ್ಲದಕ್ಕೂ ಒಂದು ಹೊಲಸು ಜವಾಬು ಸಿದ್ಧವಿಟ್ಟುಕೊಂಡಿದ್ದ ನಮ್ಮತ್ತೆ, ಬನ್ನಿ ಅನ್ನುವುದನ್ನೂ ಮರೆತು ನಿಂತಳು. ಆಮೇಲೆ ಅಡುಗೆಮನೆಗೆ ಹೋದಳು. ಮೊಸರ ಗಡಿಗೆಯ ಹೊರಮೈಯನ್ನು ಸೆರಗಿನಿಂದ ಒರೆಸಿದಳು, ಅದು ಮೊದಲೇ ಶುಚಿಯಾಗಿತ್ತು.

"ಒಂದು ಚಮಚ ಸಾಕ್ರಿ," ಅಂದರು ವಾಣಿಯಕ್ಕ.

ಅತ್ತೆ ಗಡಿಗೆಯನ್ನೇ ಬಗ್ಗಿಸಿದಳು. ಇದ್ದಷ್ಟೂ ಮೊಸರು ಆ ಪಾತ್ರೆಗೆ ಹೋಯಿತು. ಗೋಡೆಗೆ ಅಂಟಿದ್ದನ್ನೂ ಬೆರಳಿನಿಂದ ಬಳಿದು ಹಾಕಿದಳು. "ಅತ್ತೀ, ನಮಗ?" ಅಂತ ನಾನು ಮೆಲ್ಲಗೆ ಅಂದೆ. ಅವಳಿಗೆ ಕೇಳಿಸಲೇ ಇಲ್ಲ. ವಾಣಿಯಕ್ಕ ತುಂಬಿದ ಪಾತ್ರೆಯನ್ನು ಸೆರಗಿನಲ್ಲಿ ಮುಚ್ಚದೆ, ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡು ಇಳಿದರು. ಅಂಜಿನಕ್ಕ ಕೊಡ ಎತ್ತಿಕೊಂಡು ಮುಖ ತಿರುಗಿಸಿ ನಡೆದಳು. ಎಲ್ಲರೂ ಒಂದೇ ದಿನ ಬದಲಾಗುತ್ತಾರೆ ಅನ್ನುವುದಕ್ಕೆ ಇದೇನು ಪುರಾಣವಲ್ಲ.

ಅವತ್ತು ರಾತ್ರಿ ಊಟಕ್ಕೆ ಮೊಸರಿಲ್ಲ, ಹಾಲಿಗೆ ಹಾಕಲು ಹೆಪ್ಪೂ ಇಲ್ಲ. ಗಂಡ ತಟ್ಟೆಯ ಮುಂದೆ ಕೂತು ಮಜ್ಜಿಗೆ ಎಲ್ಲಿ ಅಂದರೆ, "ಒಂದಿನ ಮಜ್ಜಿಗಿ ಇಲ್ದಿದ್ರ ಸಾಯ್ತೀಯೇನಲೇ?" ಅಂತ ಅತ್ತೆ ಗದರಿದಳು. ಬಾಯಿ ವಾಪಸ್ ಬಂದಿತ್ತು. ಬೆಳಿಗ್ಗೆ ಎದ್ದವಳೇ ನನ್ನ ಕೈಗೆ ಪಾತ್ರೆ ಕೊಟ್ಟು, ಕೆಳಗೆ ಹೋಗಿ ಹೆಪ್ಪು ಇಸಿದುಕೊಂಡು ಬಾ ಅಂದಳು.

"ನಾನು ಹೋಗಂಗಿಲ್ಲ," ಅಂದೆ. "ಮೇಷ್ಟ್ರು ಕಟ್ಟಿಮ್ಯಾಲೆ ಅದಾರ."

"ಅದಕ್ಕೇ ಹೋಗು."

ಮೇಷ್ಟ್ರು ಕಟ್ಟೆಯ ಮೇಲೆ ಪೇಪರ್ ಬಿಡಿಸಿಕೊಂಡು ಕೂತಿದ್ದರು. ಎದುರಿಗೆ ಹೋಗಿ ನಿಂತೆ. ಪೇಪರ್ ಸ್ವಲ್ಪ ಕೆಳಗಿಳಿಯಿತು.

"ಏನಮ್ಮ?"

"ಹೆಪ್ಪು ಬೇಕಾಗಿತ್ರಿ, ಸರ್. ನಮ್ಮದು ಖಾಲಿ ಆಗೈತಿ."

ಅವರು ನನ್ನ ಪಾತ್ರೆ ನೋಡಿದರು. ಓಣಿಯ ಆಚೆ ಅಂಗಳ ಗುಡಿಸುತ್ತಿದ್ದವರನ್ನು ನೋಡಿದರು. ಕಸಬರಿಗೆಗಳೆಲ್ಲ ನಿಂತಿದ್ದವು. ಪೇಪರ್ ಮತ್ತೆ ಮೇಲೆ ಹೋಯಿತು, ಮುಖ ಮುಚ್ಚಿತು. ಅದರ ಹಿಂದೆ ಮೇಷ್ಟ್ರ ಹೊಟ್ಟೆ ಒಂದು ಸಲ ಗುರ್ ಅಂದದ್ದು ನನಗೂ ಕೇಳಿಸಿತು. ನಾನು ಇನ್ನೇನು ತಿರುಗಿ ಹೊರಡಬೇಕು, ಅವರು ಪೇಪರನ್ನು ಮಡಿಚಿ ಪಕ್ಕಕ್ಕಿಟ್ಟರು. ಕ್ಲಾಸಿನ ಕೊನೆಯ ಬೆಂಚಿಗೆ ಮುಟ್ಟಿಸುತ್ತಿದ್ದ ಸ್ವರದಲ್ಲಿ ಒಳಗೆ 'ವಾಣೀ' ಅಂತ ಕೂಗಿದರು.

"ಮ್ಯಾಲಿನ ಮನಿ ಕೋಮಲಾ ಬಂದಾಳ, ಹೆಪ್ಪಿಗೆ! ನಿನ್ನೆ ಪಕ್ಕೀರಮ್ಮನ ಮನಿಂದ ನಾವು ತಂದಿದ್ದು ಐತಲ್ಲ, ಅದರಾಗಿಂದು ಕೊಡು!"

ಮೇಲೆ ಮಹಡಿಯ ಕಂಬಿ ಹಿಡಿದು ನಿಂತಿದ್ದ ನಮ್ಮತ್ತೆ ಇಡೀ ಓಣಿಗೆ ಕೇಳುವಂತೆ ಮೂಗು ಸೀಟಿದಳು.